ಅಡ್ಡ ಹಿಡಿಯಬಾರದ ಮಾನಿಟರ್

ಇದು ನಡೆದದ್ದು ಹೋದ ವರ್ಷ, ದೀಪಾವಳಿ ಮುಗಿದ ಮರುವಾರ, ಗದಗಿನಲ್ಲಿ.

ಅಲ್ಲಿ ಶಂಕ್ರವ್ವ ಎಂಬಾಕೆ ಖಾನಾವಳಿ ನಡೆಸುತ್ತಿದ್ದಳು. ಅವಳಿಗೊಬ್ಬ ಮಗ, ಫಕೀರಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಚಿಂತೆ.

ಊಟಕ್ಕೆ ಬರುತ್ತಿದ್ದವರು ಕಾಲೇಜಿನ ಹನ್ನೊಂದು ಹುಡುಗರು. ಎದುರಿನ ಖಾನಾವಳಿಯವರು ಟಿ.ವಿ. ತಂದಿಟ್ಟರು. ಹುಡುಗರ ಕಣ್ಣು ಅತ್ತ ಹೊರಳಿತು.

"ಅಕ್ಕಾರ, ನನ್ನ ಹಳೇ ಕಂಪ್ಯೂಟರ್ ಇಲ್ಲೇ ಇಡ್ತೀನಿ," ಅಂದ ಅವರಲ್ಲೊಬ್ಬ, ವಿರೂಪಾಕ್ಷ. "ಅಗಲದ್ದೊಂದು ಮಾನಿಟರ್ ತರಿಸ್ರಿ. ಸಿನಿಮಾನೂ ಆತು, ಗೇಮೂ ಆತು. ಐತವಾರದೊಳಗ ಬರಲಿಲ್ಲಂದ್ರ ನಾವು ಎದುರಿಗೆ ಹೊಂಟ್ವಿ."

ಹನ್ನೊಂದು ಹುಡುಗರು ಹೋದರೆ ಒಲೆ ಹಚ್ಚುವುದು ಯಾರಿಗೆ? ಶಂಕ್ರವ್ವ ಮಗನನ್ನು ಕರೆದಳು.

"ಫಕೀರಾ, ಕಂಪ್ಯೂಟರ್ ಅಂಗಡಿಗೆ ಹೋಗು. ಅಗಲ ಇರಬೇಕು, ಅಗ್ಗ ಇರಬೇಕು. ಅಷ್ಟ!"

"ಅಗಲ, ಅಗ್ಗ. ಅಷ್ಟ!" ಅಂದ. ಹೋದ.

"ಸಾವ್ಕಾರ್ರ, ನಿಮ್ಮ ಅಂಗಡ್ಯಾಗ ಎಲ್ಲಕ್ಕಿಂತ ಅಗಲ, ಎಲ್ಲಕ್ಕಿಂತ ಅಗ್ಗ ಯಾವುದೈತ್ರಿ?"

ಅಂಗಡಿಯವನು ನಕ್ಕ. "ಆ ಮಾನಿಟರಿನ ಖಾಲಿ ಡಬ್ಬಿ ನೋಡಪಾ. ಪುಕ್ಕಟೆ!"

ಫಕೀರಪ್ಪ ರಟ್ಟಿನ ಡಬ್ಬಿ ಹೊತ್ತು ಬಂದ.

"ಇದರಾಗ ಏನೂ ಇಲ್ಲಲ್ಲೋ!"

"ಮ್ಯಾಲೆ ಚಿತ್ರ ಐತಲ್ಲವ್ವಾ!"

"ಹುಚ್ಚಪ್ಯಾಲಿ! ಒಂದು ಸಿನಿಮಾ ಹಚ್ಚಿಸಿ ನೋಡಬೇಕು, ಆಮ್ಯಾಲೆ ತರಬೇಕು!"

"ಆತವ್ವಾ."

ಮರುದಿನ ಹೋದ. ಸಿನಿಮಾ ಹಚ್ಚಿಸಿದ. ಸ್ಟೂಲ್ ಎಳೆದು ಕೂತ. ನೋಡಿದ, ನೋಡಿದ, ಸಿನಿಮಾ ಮುಗಿಯಿತು. ಅಂಗಡಿ ಮುಚ್ಚುವ ಹೊತ್ತೂ ಆಯಿತು. ಬರಿಗೈಯಲ್ಲಿ ಬಂದ.

"ಮಾನಿಟರ್ ಎಲ್ಲೋ?"

"ಅಂಗಡ್ಯಾಗ ಐತಿ. ಸಿನಿಮಾ ಛಲೋ ಇತ್ತವ್ವಾ. ಕಡೀಕ ಅಣ್ಣತಮ್ಮರು ಕೂಡಿದ್ರು!"

"ಹುಚ್ಚಪ್ಯಾಲಿ! ಪೂರಾ ನೋಡು ಅಂದಿದ್ನೇನೋ? ಮನಸ್ಸಿಗೆ ಬಂದ ಕೂಡ್ಲೇ ಎತ್ಕೊಂಡು ಸೀದಾ ಮನಿಗೆ ಬರಬೇಕು!"

"ಆತವ್ವಾ."

ಶನಿವಾರ ಮತ್ತೆ ಹೋದ. ಅಂಗಡಿಯವನು ಬಾಗಿದ ಪರದೆಯದೊಂದು ತೋರಿಸಿದ.

"ಬ್ಯಾಡ್ರಿ, ಇದು ಸೊಟ್ಟ ಐತಿ."

"ಏ, ಅದು ಎಲ್ಲಕ್ಕಿಂತ ತುಟ್ಟಿದಪಾ!"

"ಸೊಟ್ಟಕ್ಕ ತುಟ್ಟಿ ಯಾಕ್ರಿ?"

ಆಮೇಲೆ ಇಪ್ಪತ್ತೇಳು ಇಂಚಿನದು ತೋರಿಸಿದ. ಸಪಾಟು. ಅಗಲ. ಅಗ್ಗ. ಫಕೀರಪ್ಪನ ಮನಸ್ಸಿಗೆ ಬಂತು. ಬಂದ ಕೂಡಲೇ ಎತ್ತಿಕೊಂಡ, ಸೀದಾ ಹೊರಟ.

"ಏ! ರೊಕ್ಕ! ರೊಕ್ಕ ಕೊಟ್ಟು ಹೋಗೋ!"

ಅಂಗಡಿಯವನು ಹಿಂದೆ ಓಡಿದ. ಫಕೀರಪ್ಪ ನಿಲ್ಲಲಿಲ್ಲ. ಖಾನಾವಳಿಯ ಬಾಗಿಲಿಗೆ ಬಂದಮೇಲೆ ನಿಂತ. ಬಾಗಿಲು ಕಿರಿದು. ಮಾನಿಟರಿನ ಎರಡೂ ತುದಿ ಹಿಡಿದಿದ್ದ ಅವನ ಮೊಣಕೈಗಳು ಚೌಕಟ್ಟಿಗೆ ಸಿಕ್ಕಿಕೊಂಡವು.

ಶಂಕ್ರವ್ವ ತಾನೇ ಕೊಟ್ಟು ಕಳಿಸಿದ್ದ ರೊಕ್ಕವನ್ನು ಮಗನ ಕಿಸೆಯಿಂದ ತೆಗೆದು ಅಂಗಡಿಯವನಿಗೆ ಕೊಟ್ಟಳು. ಕೈಯನ್ನೂ ಮುಗಿದಳು.

"ಹಾರೆ ತಾರವ್ವಾ," ಅಂದ ಮಗ. "ಬಾಗಲಾ ಅಗಲ ಮಾಡೋಣು!"

"ಹುಚ್ಚಪ್ಯಾಲಿ! ಮಾನಿಟರ್ ಅಡ್ಡ ಹಿಡೀಬಾರದು, ಉದ್ದಕ ನಿಲ್ಲಿಸಬೇಕು! ನೆನಪಿಟ್ಕೋ!"

"ಆತವ್ವಾ."

ನೆನಪಿಟ್ಟುಕೊಂಡ.

ಮರುದಿನ ಐತವಾರ. ಸಂಜೆ ಶಂಕ್ರವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹುಡುಗರು ಬಂದರು. ವಿರೂಪಾಕ್ಷ ತನ್ನ ಕಂಪ್ಯೂಟರಿನ ವೈರು ಸಿಕ್ಕಿಸಿ ಸಿನಿಮಾ ಹಚ್ಚಿದ. ಫಕೀರಪ್ಪ ಮಾನಿಟರನ್ನು ಉದ್ದಕ್ಕೆ ನಿಲ್ಲಿಸಿ, ಗಟ್ಟಿಯಾಗಿ ಹಿಡಿದು ನಿಂತ.

"ಫಕೀರಣ್ಣಾ, ಹೀರೋ ಮಲಗ್ಯಾನಲ್ಲೋ! ಕುದುರಿನೂ ಮಲಗೇತಿ!"

"ಅಡ್ಡ ಮಾಡೋ!"

"ಅಡ್ಡ ಮಾಡಬಾರದು. ಅವ್ವ ಹೇಳ್ಯಾಳ."

ಇಬ್ಬರು ಎಳೆದು ನೋಡಿದರು. ಅವನು ಬಿಡಲಿಲ್ಲ.

"ನಡೀರೋ, ಎದುರಿಗೆ ಹೋಗೋಣು," ಅಂದ ವಿರೂಪಾಕ್ಷ. ಎಲ್ಲರೂ ಚಪ್ಪಲಿ ಮೆಟ್ಟಿದರು.

"ಯಾಕ ಹೋಗ್ತೀರಿ?" ಅಂದ ಫಕೀರಪ್ಪ. "ಅಂವ ಮಲಗ್ಯಾನಂದ್ರ ನೀವೂ ಮಲಗ್ರಿ!"

ಹುಡುಗರು ನಕ್ಕರು. ಒಬ್ಬ ತಮಾಷೆಗೆಂದು ಚಾಪೆಯ ಮೇಲೆ ಮಗ್ಗುಲಾದ.

"ಏ, ಬರೋಬರಿ ಕಾಣತೈತಲೇ!"

ಇನ್ನೊಬ್ಬ ಮಲಗಿದ. ಮತ್ತೊಬ್ಬ ಮಲಗಿದ. ವಿರೂಪಾಕ್ಷನೂ ಚಪ್ಪಲಿ ಬಿಟ್ಟ.

ಶಂಕ್ರವ್ವ ರೊಟ್ಟಿ ಬುಟ್ಟಿ ಹಿಡಿದು ಹೊರಗೆ ಬಂದಳು. ನೋಡಿದಳು. "ಹುಚ್ಚಪ್ಯಾಲಿ—"

"ಶ್! ಅಕ್ಕಾರ, ಅಡ್ಡ ನಿಲ್ಲಬ್ಯಾಡ್ರಿ! ಹೀರೋಯಿನ್ನಿಗೆ ಈಗ ತಂದಿ ಸಿಗ್ತಾನ!"

ಪರದೆಯಲ್ಲಿ ನಾಯಕಿ ಅಳುತ್ತಿದ್ದಳು. ಕಣ್ಣೀರು ಕೆಳಗಿಳಿಯದೆ ಅಡ್ಡಕ್ಕೆ ಹರಿಯುತ್ತಿತ್ತು. ಶಂಕ್ರವ್ವ ಕತ್ತು ಓರೆ ಮಾಡಿದಳು. ಇನ್ನಷ್ಟು ಓರೆ ಮಾಡಿದಳು. ಬುಟ್ಟಿ ಕೆಳಗಿಟ್ಟಳು.

ಎದುರಿಗೆ ಯಾರೂ ಹೋಗಲಿಲ್ಲ. ಮಾನಿಟರ್ ಹಿಡಿದು ನಿಂತಿದ್ದವನು ಒಬ್ಬ. ಬಲಮಗ್ಗುಲಾಗಿ ಮಲಗಿ ಸಿನಿಮಾ ನೋಡಿದವರು, ಶಂಕ್ರವ್ವನೂ ಸೇರಿ, ಹನ್ನೆರಡು ಮಂದಿ.