ಸಣ್ಣತಾಯಮ್ಮ ಹೇಳದೆ ಬಿಟ್ಟ ಕಾರಣ

ಬೇಕಾದ ದಿನ, ಕಾರಣ ಕೇಳದೆ, ಸಂಬಳ ಹಿಡಿಯದೆ ರಜೆ ಕೊಡೋ ಕಾನೂನು ಬರ್ತದಂತೆ ಅಂತ ಗಾರ್ಮೆಂಟ್ಸಿನ ಹೆಂಗಸರೆಲ್ಲ ಹಿಗ್ಗಿದ್ದರು. ಟೈಲರ್ ಸಣ್ಣತಾಯಮ್ಮನಿಗೆ ಅಲ್ಲೀತನಕ ಕಾಯೋ ಹಾಗಿರಲಿಲ್ಲ. ನಾಳೆಯೇ ಮಗಳ ಸೀಮಂತ. ಮ್ಯಾನೇಜರ್ ಮರಿಸ್ವಾಮಿಯೋ, ಸೀಮಂತ ಅಂದ್ರೆ ರಜೆ ಕೊಡೋ ಆಸಾಮಿಯಲ್ಲ.

"ಕಾನೂನು ಬಂದಾಗ ನೋಡೋಣ. ಈಗ ಎಲ್ಲರೆದುರು ಕಾರಣ ಹೇಳು" ಅಂತ ರಜೆ ಕೇಳಿ ನಿಂತವಳೆದುರು ಮೀಸೆ ತಿರುವಿದ.

"ಹೇಳ್ತೀನಿ ಸಾರ್. ಇಷ್ಟು ಜನರ ಮುಂದೆ ಹೇಳಿದ್ರೆ ನಿಮ್ಮ ಮನೆಯವ್ರ ಕಿವಿಗೂ ಬೀಳ್ತದೆ. ಪರವಾಗಿಲ್ವಾ?"

ಮಿಷನ್ನುಗಳೆಲ್ಲ ಗಪ್ಪಾದವು. ಮರಿಸ್ವಾಮಿಯ ಹಣೆ ಬೆವರಿತು.

"ಕಾರಣ ಯಾಕಮ್ಮ? ಸಂಬಳ ಹಿಡಿಯಲ್ಲ, ಹೋಗ್ಬನ್ನಿ." ಏಕವಚನದ ಬಾಯಿಗೆ ಬಹುವಚನ ಬಂದಿತ್ತು.

ಗೇಟಿನ ಹತ್ತಿರ ಗೆಳತಿ ರತ್ನಿ ಸೆರಗು ಹಿಡಿದಳು. "ಅವನ ಗುಟ್ಟೇನಕ್ಕ?"

"ನಂಗೇನೇ ಗೊತ್ತು? ಬೆವರಿದವನ್ನ ಕೇಳು."

ಸಂಜೆ ಮರಿಸ್ವಾಮಿಗಿಂತ ಮೊದಲೇ ಸುದ್ದಿ ಅವನ ಮನೆ ಮುಟ್ಟಿತ್ತು; ಕೇಳೋಕೆ ಅವನ ಹೆಂಡತಿ ಆಗಲೇ ಸೆರಗು ಬಿಗಿದು ಬಾಗಿಲಲ್ಲಿ ನಿಂತಿದ್ದಳಂತೆ.