ಬಿಸ್ತ್ರೋ ಹೋಟ್ಲು ಸೇರಿದ ಚೆಲುವಯ್ಯ

ಹೂಂಗುಟ್ಟೋಕೆ ಒಬ್ಬರಾದ್ರೂ ಇದ್ದೀರೇನ್ರಪ್ಪಾ? ಇದ್ರೆ ಹೇಳ್ತೀನಿ. ಮಧ್ಯೆ ಯಾರಾದ್ರೂ ಆಕಳಿಸಿದ್ರೆ ಅಲ್ಲಿಗೇ ನಿಲ್ಲಿಸಿ ಎದ್ದು ಹೋಗ್ತೀನಿ, ಆಮೇಲೆ ನನ್ನ ಬೈಬೇಡಿ.

ಮೈಸೂರಲ್ಲಿ ಹಳೇ ಟಾಂಗಾ ಸ್ಟ್ಯಾಂಡಿನ ಹಿಂದಿನ ಬೀದೀಲಿ ದೇವೀರಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಚೆಲುವಯ್ಯ. ಇಪ್ಪತ್ತೇಳು ವರ್ಷ, ಆರಡಿ ಆಳು, ಎರಡು ಮೂಟೆ ಅಕ್ಕಿ ಒಟ್ಟಿಗೇ ಎತ್ತೋ ತೋಳು. ತಲೆ ಮಾಡೋವಾಗ ಮಾತ್ರ ದೇವರು ಎಲ್ಲೋ ನೋಡ್ತಿದ್ದ. ಏಳನೇ ಕ್ಲಾಸನ್ನ ಮೂರು ಸಲ ಓದಿದ್ದ. ಅದಕ್ಕೇ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಹೇಳಿದ ಮಾತು ಮೀರ್ತಿರಲಿಲ್ಲ. ಅದೇ ಕಷ್ಟ ನೋಡಿ! "ಹಾಲು ಉಕ್ಕುತ್ತಾ ನೋಡೋ" ಅಂದ್ರೆ, ಹಾಲು ಉಕ್ಕಿ, ಹರಿದು, ಒಲೆ ಆರೋವರೆಗೂ ಕೈ ಕಟ್ಟಿ ನೋಡಿ, "ಉಕ್ತು ಕಣವ್ವ" ಅನ್ನೋನು.

"ಅಯ್ಯೋ ನನ್ನ ಕರ್ಮವೇ!" ಅಂತ ದೇವೀರಮ್ಮ ಹಣೆ ಹಣೆ ಚಚ್ಕೊಳ್ಳೋಳು. "ನಾನು ಸತ್ತ ಮೇಲೆ ನಿನ್ನ ಯಾರೋ ನೋಡ್ಕೊಳ್ಳೋದು?"

"ಯಾವತ್ತು ಸಾಯ್ತೀಯವ್ವ?" ಅಂತ ಇವನು. ಪಾಪ, ದಿನ ಗೊತ್ತಾದ್ರೆ ಯಾರನ್ನಾದ್ರೂ ಕೇಳಿಡೋಣ ಅಂತ.

ಇಂಥವನಿಗೂ ಒಂದು ಸಂಬಂಧ ಬಂತು. ನಂಜನಗೂಡಿನ ಕಡೆ ಬೋರಲಿಂಗಯ್ಯ ಅನ್ನೋರ ಮಗಳು ಮಾದೇವಿ. ಬೋರಲಿಂಗಯ್ಯ ಒಂದೇ ಮಾತು ಹೇಳಿದ್ರು: "ಹುಡುಗನಿಗೆ ಒಂದು ಕೆಲಸ ಇರಲಿ. ಶನಿವಾರ ಮಗಳನ್ನೂ ಕರ್ಕೊಂಡು ಬಂದು ಕಣ್ಣಾರೆ ನೋಡ್ತೀನಿ. ಕೆಲಸದಲ್ಲಿ ನಿಂತಿದ್ರೆ ಹೆಣ್ಣು ಕೊಡ್ತೀನಿ, ಇಲ್ದಿದ್ರೆ ನಮಸ್ಕಾರ."

ಅವತ್ತು ಸೋಮವಾರ. ದೇವೀರಮ್ಮ ಸೀದಾ ಫಿಲೋಮಿನಮ್ಮನ ಕಾಲಿಗೆ ಬಿದ್ದಳು.

ಫಿಲೋಮಿನಮ್ಮ ಯಾರು ಅಂತೀರಾ? ಪಾಂಡಿಚೇರೀಲಿ ಇಪ್ಪತ್ತು ವರ್ಷ ಇದ್ದು, ಹೋದ ವರ್ಷ ವಾಪಸ್ ಬಂದು, ಅಪ್ಪನ ಮನೆ ಕಾಂಪೌಂಡಲ್ಲೇ ಮೇಜು ಕುರ್ಚಿ ಹಾಕಿ ಫ್ರೆಂಚ್ ಹೋಟ್ಲು ಇಟ್ಟಾಕೆ. ಅದಕ್ಕೆ ಬಿಸ್ತ್ರೋ ಅಂತ ಹೆಸರು. ಜನವೋ ಜನ! ಮಧ್ಯಾಹ್ನ ಹನ್ನೆರಡೂವರೆ ಆದ್ರೆ ಕುರ್ಚಿ ಸಿಕ್ತಿರಲಿಲ್ಲ. ಊಟ ಮಾತ್ರ, ಶಿವನೇ! ಮೊರದಗಲ ತಟ್ಟೆ, ಮಧ್ಯೆ ಹೆಬ್ಬೆಟ್ಟಿನಷ್ಟು ಪಲ್ಯ. ಬ್ರೆಡ್ಡು ತಗೊಂಡು ಮೊಳೆ ಹೊಡೀಬಹುದು. ಈರುಳ್ಳಿ ಸೂಪು ಅಂದ್ರೆ ಈರುಳ್ಳಿ ತೊಳೆದ ನೀರು. ಆದ್ರೂ ಎಲ್ಲರೂ ಬರೋರು, ಫೋಟೋ ತೆಗೆಯೋರು, "ಎಕ್ಸಲೆಂಟ್ ಮೇಡಂ!" ಅನ್ನೋರು, ಮನೆಗೆ ಹೋಗಿ ಕದ ಹಾಕ್ಕೊಂಡು ಮೊಸರನ್ನ ಕಲಸ್ಕೊಳ್ಳೋರು. ಪಕ್ಕದ ಮನೆಯವರು ಚೆನ್ನಾಗಿದೆ ಅಂದ ಮೇಲೆ ನಾವು ಚೆನ್ನಾಗಿಲ್ಲ ಅಂದ್ರೆ, ನಮಗೇ ರುಚಿ ಗೊತ್ತಿಲ್ಲ ಅಂದ್ಕೊಂಡ್ರೆ?

ನಿಜ ಗೊತ್ತಿದ್ದಿದ್ದು ದೇವೀರಮ್ಮನಿಗೆ ಒಬ್ಬಳಿಗೆ. ಅಲ್ಲಿ ಪಾತ್ರೆ ತೊಳೆಯೋಳು ಅವಳೇ ತಾನೆ? ತಟ್ಟೇಲಿ ಹೋಗಿದ್ದರಲ್ಲಿ ಅರ್ಧಕ್ಕರ್ಧ ವಾಪಸ್ ಬರೋದು. ಆದ್ರೆ ಬಾಯಿ ಬಿಟ್ಟು ಹೇಳೋದುಂಟೇ! ತಾನು ಮಾತ್ರ ಹಿತ್ತಲ ಒಲೇಲಿ ಮುದ್ದೆ ತೊಳಸ್ಕೊಂಡು ಉಣ್ಣೋಳು.

"ನಿನ್ನ ಮುಖ ನೋಡ್ಕೊಂಡು ಇಟ್ಕೊಳ್ತೀನಿ ದೇವೀರಮ್ಮ" ಅಂದ್ರು ಫಿಲೋಮಿನಮ್ಮ. ಚೆಲುವಯ್ಯನಿಗೆ ಬಿಳಿ ಏಪ್ರನ್ ಕಟ್ಟಿದ್ರು. "ನೋಡಪ್ಪ, ಮೇಜಿನ ಮೇಲೆ ಖಾಲಿ ತಟ್ಟೆ ಇರಬಾರದು. ಖಾಲಿ ತಟ್ಟೆ ಕಂಡ ತಕ್ಷಣ ಎತ್ತು."

"ಆಯ್ತಮ್ಮ!"

ಮಂಗಳವಾರ ಗಿರಾಕಿ ಬಂದು ಕೂತ್ರು. ಅವರ ಮುಂದೆ ತಟ್ಟೆ ಇಟ್ರು. ತಟ್ಟೆ ಖಾಲಿ! ಚೆಲುವಯ್ಯ ಎತ್ತಿದ. ಇನ್ನೊಂದು ಇಟ್ರು. ಖಾಲಿ! ಎತ್ತಿದ. ಇಟ್ರು, ಎತ್ತಿದ. ಇಟ್ರು, ಎತ್ತಿದ. ಒಂದೂವರೆ ಗಂಟೆಗೆ ಹೋಟ್ಲಲ್ಲಿ ಇದ್ದ ತಟ್ಟೆಯೆಲ್ಲಾ ದೇವೀರಮ್ಮನ ತೊಟ್ಟೀಲಿ, ಮೂವತ್ತು ಜನ ಬರೀ ಮೇಜು ನೋಡ್ಕೊಂಡು ಕೂತಿದ್ರು.

"ಏ ಮುಟ್ಠಾಳ!" ಅಂತ ಕೂಗಿದ್ರು ಫಿಲೋಮಿನಮ್ಮ. "ತಿಂದಿದ್ದಾರಾ ಇಲ್ವಾ ನೋಡಬಾರದಾ? ತಿಂದು ಮುಗಿಸೋವರೆಗೂ ತಟ್ಟೆ ಮುಟ್ಟಬೇಡ!"

"ಆಯ್ತಮ್ಮ, ಮುಟ್ಟಲ್ಲ!"

ಬುಧವಾರ ಕಮಲಾಕ್ಷಮ್ಮ ಮಿಸ್ಸು ಬಂದ್ರು. ಹೈಸ್ಕೂಲಲ್ಲಿ ಹೆಡ್‌ಮಿಸ್ ಆಗಿ ರಿಟೈರಾದೋರು, ದಪ್ಪ ಕನ್ನಡಕ. ಎರಡು ತುತ್ತು ತಿಂದ್ರು, ಮುಖ ಕಿವುಚಿದ್ರು, "ವೆರಿ ನೈಸ್" ಅಂದ್ರು, ಎದ್ದು ಹೊರಟ್ರು. ಚೆಲುವಯ್ಯ ನೋಡಿದ. ತಟ್ಟೇಲಿ ಇನ್ನೂ ಇದೆ! ಮುಗಿಸಿಲ್ಲ! ತಟ್ಟೆ ಮುಟ್ಟೋ ಹಾಗಿಲ್ಲ. ಏನು ಮಾಡೋದು? ಮೇಜನ್ನೇ ಎತ್ತಿ ತಲೆ ಮೇಲೆ ಇಟ್ಕೊಂಡ.

ಮಿಸ್ಸು ಮುಂದೆ, ಮೇಜು ಹಿಂದೆ. "ಮಿಸ್, ಮುಗಿಸಿ! ಮಿಸ್, ಇನ್ನೂ ಸ್ವಲ್ಪ ಇದೆ!" ಬೀದಿ ದಾಟಿ, ಸರ್ಕಲ್ ದಾಟಿ, ಬಸ್ ಸ್ಟಾಪಿಗೆ ಬಂದ. ಬಸ್ಸು ಬಂತು. ಮಿಸ್ಸು ಹತ್ತಿದ್ರು. ಇವನೂ ಮೇಜು ಹತ್ತಿಸೋಕೆ ನೋಡಿದ. ಕಂಡಕ್ಟರು, "ಲಗೇಜು ಮೇಲಕ್ಕೆ ಹಾಕ್ರೀ!" ಅಂದ. ಮಿಸ್ಸಿಗೆ ಇನ್ನೇನು ದಾರಿ? ಇಳಿದು ಬಂದು, ಬಸ್ ಸ್ಟಾಪಲ್ಲೇ ನಿಂತು, ನಾಲ್ಕು ಜನದ ಎದುರಿಗೆ, ಕಣ್ಣೀರು ಹಾಕ್ಕೊಂಡು ಕೊನೇ ತುತ್ತಿನ ತನಕ ತಿಂದ್ರು.

"ತಟ್ಟೆ ಮುಟ್ಟೇ ಇಲ್ಲ ಕಣಮ್ಮ!" ಅಂತ ಚೆಲುವಯ್ಯ ವಾಪಸ್ ಬಂದು ಫಿಲೋಮಿನಮ್ಮನಿಗೆ ಹೆಮ್ಮೆಯಿಂದ ಹೇಳಿದ.

ಸಂಜೆ ದೇವೀರಮ್ಮ ಸೆರಗು ಬಾಯಿಗೆ ಒತ್ಕೊಂಡು ಅತ್ತಳು. "ಶನಿವಾರದ ತನಕ ನಿಲ್ಲೋ ನನ್ನಪ್ಪಾ! ಗಿರಾಕಿ ಬಂದ್ರೆ ಹಾಗೆಲ್ಲಾ ಅಟ್ಟಿಸ್ಕೊಂಡು ಹೋಗ್ತಾರಾ? ಮನೆಗೆ ಬಂದ ನೆಂಟರನ್ನ ನೋಡ್ಕೊಳ್ಳೋ ಹಾಗೆ ನೋಡ್ಕೋಬೇಕು."

"ಆಯ್ತವ್ವ, ನೆಂಟರ ಹಾಗೆ!"

ಗುರುವಾರ ಒಬ್ಬ ದೊಡ್ಡ ಆಫೀಸರು ಬಂದ್ರು. ಕರೀ ಬೂಟು, ಮಿಂಚೋ ಬೂಟು. ನೆಂಟರು ಬಂದ್ರೆ ಮೊದಲು ಏನು ಮಾಡ್ತಾರೆ? ಕಾಲಿಗೆ ನೀರು! ಚೆಲುವಯ್ಯ ಒಂದು ಚೊಂಬು ನೀರು ಬೂಟಿನ ಮೇಲೆ ಸುರಿದೇಬಿಟ್ಟ. "ಅಯ್ಯಯ್ಯೋ!" ಅಂತ ಅವರು ಬೂಟು ಬಿಚ್ಚಿದ್ರು. ಇವನು ಎತ್ತಿ ಬಚ್ಚಿಟ್ಟ. "ಬಂದಿದ್ದೀರಿ, ಎರಡು ದಿನ ಇದ್ದು ಹೋಗಿ. ಮನೇಲಿ ಎಲ್ಲಾ ಸೌಖ್ಯವಾ? ಮಗಳಿಗೆ ಗಂಡು ಗೊತ್ತಾಯ್ತಾ?"

"ಬೂಟು ಕೊಡಯ್ಯಾ! ಮೀಟಿಂಗಿದೆ!"

"ಇಷ್ಟು ಬೇಗ ಹೊರಡೋದಾ? ಬಿಡ್ತೀವಾ ನಾವು?"

ಆಫೀಸರು ಬರಿಗಾಲಲ್ಲಿ, ಏಪ್ರಿಲ್ ಬಿಸಿಲಲ್ಲಿ, ಕುಣೀತಾ ಕುಣೀತಾ ಜೀಪಿಗೆ ಓಡಿದ್ರು.

"ಇದು ಮನೆಯಲ್ಲ ಕಣೋ, ಹೋಟ್ಲು!" ಅಂದ್ರು ಫಿಲೋಮಿನಮ್ಮ, ತಲೆ ಹಿಡ್ಕೊಂಡು. "ನಿನ್ನ ಉಪಚಾರ ಯಾರಿಗೆ ಬೇಕು? ಬಾಯಿ ಮುಚ್ಕೊಂಡು, ಗಿರಾಕಿ ಏನು ಕೇಳ್ತಾರೋ ಅದನ್ನೇ ಕೊಡು. ಬೇರೇನೂ ಕೊಡಬೇಡ!"

"ಆಯ್ತಮ್ಮ, ಅದನ್ನೇ ಕೊಡ್ತೀನಿ!"

ಈಗ ಒಂದು ಗುಟ್ಟು ಹೇಳ್ತೀನಿ ಕೇಳಿ. ಆ ಹೋಟ್ಲಲ್ಲಿ ತಿಂಡಿ ಪಟ್ಟಿ ಪೂರಾ ಫ್ರೆಂಚಲ್ಲಿತ್ತು. ಓದೋಕೆ ಯಾರಿಗೂ ಬಾರದು, ಬಾರದು ಅಂತ ಹೇಳೋಕೆ ಯಾರಿಗೂ ಬಾಯಿ ಬಾರದು. ಅದಕ್ಕೆ ಎಲ್ಲರೂ ಪಟ್ಟಿ ಮೇಲೆ ಕೆಳಗೆ ನೋಡಿ, ಕೆಮ್ಮಿ, "ಪಕ್ಕದ ಟೇಬಲ್ಲಿಗೆ ಕೊಟ್ಟಿದ್ದೀರಲ್ಲಾ, ಅದನ್ನೇ ಕೊಡಿ" ಅನ್ನೋರು.

ಶುಕ್ರವಾರ ಮೊದಲನೇ ಮೇಜಿಗೆ ಒಂದು ತಟ್ಟೆ ಹೋಯ್ತು. ಎರಡನೇ ಮೇಜಿನವರು, "ಅವರಿಗೆ ಕೊಟ್ಟಿದ್ದನ್ನೇ ಕೊಡಿ" ಅಂದ್ರು. ಚೆಲುವಯ್ಯ ಅವರ ಮುಂದಿದ್ದ ತಟ್ಟೆ ಎತ್ತಿ ಇವರ ಮುಂದೆ ಇಟ್ಟ. ಮೂರನೆಯವರು, "ಅದನ್ನೇ" ಅಂದ್ರು. ಅಲ್ಲಿಂದ ಎತ್ತಿ ಇಲ್ಲಿಟ್ಟ. ನಾಲ್ಕನೆಯವರೂ "ಅದನ್ನೇ!" ಐದನೆಯವರೂ "ಅದನ್ನೇ!" ಹನ್ನೊಂದು ಮೇಜು ಸುತ್ತಿ ಬಂತು ಒಂದೇ ತಟ್ಟೆ, ರಾಮ ರಾಮಾ, ಎಂಜಲು ಮುಸುರೆ ಒಂದೂ ನೋಡದೆ! ಕೊನೇ ಮೇಜಿನಲ್ಲಿ ಕೂತಿದ್ದ ಅಜ್ಜಿ ಅದನ್ನ ನೋಡಿ "ನಾರಾಯಣ!" ಅಂತ ಎದ್ದು ಮನೆಗೆ ಹೋಗಿ ತಲೆಗೆ ನೀರು ಹಾಕ್ಕೊಂಡರಂತೆ. ತಮಾಷೆ ಏನು ಗೊತ್ತಾ? ತಟ್ಟೆ ಕಳ್ಕೊಂಡ ಒಬ್ಬರಾದ್ರೂ "ನನ್ನ ಊಟ ವಾಪಸ್ ಕೊಡಿ" ಅನ್ನಲಿಲ್ಲ.

"ಸಾಕು!" ಅಂದ್ರು ಫಿಲೋಮಿನಮ್ಮ. "ನಾಳೆ ತಟ್ಟೆ ಹತ್ರಾನೇ ಬರಬೇಡ ನೀನು. ಅಕ್ಷರ ಚೆನ್ನಾಗಿದೆ ಅಂತಾಳಲ್ಲ ನಿಮ್ಮಮ್ಮ, ಗೇಟಿನ ಹತ್ರ ಕರೀ ಬೋರ್ಡ್ ಇಟ್ಟಿರ್ತೀನಿ. ಊಟ ಮುಗಿಸಿ ಹೋಗೋರನ್ನ 'ಊಟ ಹೇಗಿತ್ತು' ಅಂತ ಕೇಳು. ಅವರು ಹೇಳಿದ್ದನ್ನ ಬರಿ. ಬೀದೀಲಿ ಹೋಗೋರು ಓದಿ ಒಳಗೆ ಬರ್ತಾರೆ."

ಮನೆಗೆ ನಡ್ಕೊಂಡು ಹೋಗೋವಾಗ ದೇವೀರಮ್ಮ ಮಗನ ಕೈ ಹಿಡ್ಕೊಂಡು ಹೇಳಿದಳು: "ನಾಳೆ ಮಾದೇವಿ ಅಪ್ಪ ಬರ್ತಾರೆ ಕಣೋ. ನೀನು ದಡ್ಡ, ನಿನ್ನೆದುರಿಗೆ ಚೆನ್ನಾಗಿ ಮಾತಾಡ್ತಾರೆ, ಅದನ್ನ ನಂಬ್ಕೊಂಡು ಕುಣೀಬೇಡ. ಮುಖದ ಮುಂದೆ ಹೇಳೋದು ಮರ್ಯಾದೆಗೆ. ಗೇಟು ದಾಟಿದ ಮೇಲೆ ಏನು ಹೇಳ್ತಾರೋ, ಅದೇ ನಿಜ."

"ಆಯ್ತವ್ವ," ಅಂದ ಚೆಲುವಯ್ಯ. "ಗೇಟು ದಾಟಿದ ಮೇಲೆ ಹೇಳಿದ್ದೇ ನಿಜ."

ಶನಿವಾರ ಬಂತು. ದೇವೀರಮ್ಮ ಪಾತ್ರೆ ತೊಳೀತಿದ್ಳು, ಕಣ್ಣೆಲ್ಲಾ ಗೇಟಿನ ಕಡೆ. ಬೋರಲಿಂಗಯ್ಯ ಬಂದ್ರು, ಹಸಿರು ಸೀರೆ ಉಟ್ಟ ಮಾದೇವಿ ಬಂದಳು. ಮೂಲೆ ಮೇಜಿಗೆ ಕೂತ್ರು. ಅಪ್ಪನಿಗೆ ಹೆಬ್ಬೆಟ್ಟಿನಷ್ಟು ಪಲ್ಯ, ಮಗಳಿಗೆ ಮೊಳೆ ಹೊಡಿಯೋ ಬ್ರೆಡ್ಡು.

ಚೆಲುವಯ್ಯ ಗೇಟಲ್ಲಿ ಸೀಮೆಸುಣ್ಣ ಹಿಡ್ಕೊಂಡು ನಿಂತಿದ್ದ. "ಊಟ ಹೇಗಿತ್ತು?" ಅನ್ನೋನು. "ಫಸ್ಟ್ ಕ್ಲಾಸ್!" ಅನ್ನೋರು ಗಿರಾಕಿ. ಇವನು ಬರೀತಿರಲಿಲ್ಲ. ಅವರ ಹಿಂದೆ ಹಿಂದೆ ಗೇಟು ದಾಟಿ, ಕಿವಿ ಕೊಟ್ಟು, ಆಮೇಲೆ ಓಡಿ ಬಂದು ಬರೆಯೋನು. ಮುತ್ತಿನಂಥ ಅಕ್ಷರ!

"ಥೂ, ಮನೆಗೆ ಹೋಗಿ ಮೊಸರನ್ನ ತಿನ್ನೋಣ ನಡಿ."

"ಹಲ್ಲು ಅಲ್ಲಾಡ್ತಿದೆ ಕಣೇ, ಬ್ರೆಡ್ಡಾ ಅದು?"

"ಸೂಪಂತೆ ಸೂಪು! ಅದರಲ್ಲಿ ಬಟ್ಟೆ ಒಗೀಬಹುದು."

ಬೋರಲಿಂಗಯ್ಯನೂ ಎದ್ರು. ಗೇಟಿನ ಹತ್ರ ಬಂದ್ರು. ದೇವೀರಮ್ಮ ಕೈ ಒರೆಸ್ಕೊಂಡು ಓಡಿ ಬಂದಳು.

"ಊಟ ಬಹಳ ಚೆನ್ನಾಗಿತ್ತು," ಅಂದ್ರು ಬೋರಲಿಂಗಯ್ಯ. "ಹುಡುಗ ಬಹಳ ಒಳ್ಳೆಯವನು. ಮನೇಲಿ ಮಾತಾಡ್ಕೊಂಡು ಹೇಳಿ ಕಳಿಸ್ತೀವಿ."

ಹೇಳಿ ಕಳಿಸ್ತೀವಿ! ಹೆಣ್ಣು ಗಂಡಿನ ವಿಷಯದಲ್ಲಿ ಹೇಳಿ ಕಳಿಸ್ತೀವಿ ಅಂದ್ರೆ ಏನು ಅಂತ ಯಾವ ತಾಯಿಗೆ ಗೊತ್ತಿಲ್ಲ? ದೇವೀರಮ್ಮ ಗೇಟಿನ ಕಂಬಕ್ಕೆ ಒರಗಿ ಹಾಗೇ ಕುಸಿದು ಕೂತಳು. ಚೆಲುವಯ್ಯ ಮಾತ್ರ ಬೀಗರ ಹಿಂದೆ ಗೇಟು ದಾಟಿ ಹೋದ, ಬಂದ, ಎರಡು ಸಾಲು ಬರೆದ.

ಅಷ್ಟರಲ್ಲಿ ಬೋರ್ಡಿನ ಮುಂದೆ ಜಾತ್ರೆ. ಜನ ಓದೋದು, ನಗೋದು. ಹೇಳಿದವರೇ ವಾಪಸ್ ಬಂದು ತಮ್ಮ ಸಾಲು ಓದಿ ಜೋರಾಗಿ ನಗೋದು. ಫಿಲೋಮಿನಮ್ಮ ಸೌಟು ಹಿಡ್ಕೊಂಡೇ ಬಂದ್ರು. ಓದಿದ್ರು. ಸೌಟು ಕೆಳಗೆ ಬಿತ್ತು.

"ಒಂದು ವರ್ಷ!" ಅಂದ್ರು. ಕಣ್ಣಲ್ಲಿ ನೀರು. "ಒಂದು ವರ್ಷದಲ್ಲಿ ಒಬ್ಬರಾದ್ರೂ ಒಂದು ಮಾತು ಹೇಳಬಾರದಿತ್ತಾ? ದೇವೀರಮ್ಮ, ನೀನಾದ್ರೂ?"

ದೇವೀರಮ್ಮ ತಲೆ ತಗ್ಗಿಸಿದಳು. "ಮರ್ಯಾದೆಗೆ ಸುಮ್ನಿದ್ದೆ ಅಮ್ಮಾವ್ರೇ," ಅಂದಳು.

ಗುಂಪಲ್ಲಿ ಬಂದು ನಿಂತಿದ್ದ ಕಮಲಾಕ್ಷಮ್ಮ ಮಿಸ್ಸು ಕನ್ನಡಕ ಏರಿಸಿ ಕೊನೇ ಎರಡು ಸಾಲು ಗಟ್ಟಿಯಾಗಿ ಓದಿದ್ರು:

"ಇಂಥ ಪೆದ್ದನಿಗೆ ಹೆಣ್ಣು ಕೊಡೋದಾ? ಹೊಟ್ಟೆ ಚುರುಗುಡ್ತಿದೆ, ಮೊದ್ಲು ಎಲ್ಲಾದ್ರೂ ಮುದ್ದೆ ತಿನ್ನೋಣ."

"ಪೆದ್ದ ಆದ್ರೇನಪ್ಪ? ನಂಗೆ ಒಪ್ಪಿಗೆ."

"ಏನಂದ್ರಿ?" ಅಂತ ದೇವೀರಮ್ಮ ಎದ್ದಳು. "ಇನ್ನೊಂದ್ಸಲ ಓದಿ ಮಿಸ್ಸಮ್ಮಾ!" ಪೂರಾ ಕೇಳೋಕೂ ನಿಲ್ಲದೆ ಸೆರಗು ಬಿಗಿದು ಓಡಿದಳು. ಬಸ್ ಸ್ಟಾಪಲ್ಲಿ ಹಿಡಿದಳು. "ಮುದ್ದೆ ತಾನೇ ಬೇಕು? ನಾನಿಲ್ವಾ ಅಣ್ಣಾ? ಬನ್ನಿ, ಹುರುಳಿ ಸಾರಿದೆ!" ಬೋರಲಿಂಗಯ್ಯ ಮಗಳ ಮುಖ ನೋಡಿದ್ರು. ಮಗಳು ಆಗಲೇ ವಾಪಸ್ ಹೊರಟಿದ್ದಳು.

ಹಿತ್ತಲ ಒಲೆ ಉರೀತು. ಮುದ್ದೆ ಬಂತು, ಬಿಸಿ ಬಿಸಿ. ಒಗ್ಗರಣೆ ಘಮ ಬೀದಿ ದಾಟ್ತು. ಫಿಲೋಮಿನಮ್ಮ ಮೂಗು ಒರೆಸ್ಕೊಂಡು, "ನನಗೂ ಒಂದು ಇಡು ದೇವೀರಮ್ಮ. ನಾನೂ ಊಟ ಅಂತ ಮಾಡಿ ವರ್ಷ ಆಯ್ತು," ಅಂದ್ರು. ಸುತ್ತ ಕೂತಿದ್ದೋರೆಲ್ಲಾ ಕೆಮ್ಮಿದ್ರು. "ಅವರಿಗೆ ಕೊಟ್ಟಿದ್ದೀರಲ್ಲಾ, ಅದನ್ನೇ ಕೊಡಿ!"

ಬೋರಲಿಂಗಯ್ಯ ಮುದ್ದೆ ಮುರಿದ್ರು, ಸಾರಿನಲ್ಲಿ ಅದ್ದಿದ್ರು, ನುಂಗಿದ್ರು, ಕಣ್ಣು ಮುಚ್ಚಿದ್ರು. ಒಂದೇ ಉಸಿರಿಗೆ ಸಾರು ಖಾಲಿ. ಇನ್ನೊಂದು ತುತ್ತು ಮುರಿದು ಕೈಯಲ್ಲಿ ಹಿಡ್ಕೊಂಡು, "ಊಟ ಅಂದ್ರೆ ಇದು ಕಣಮ್ಮಾ! ಹೂಂ, ನಂಗೂ ಒಪ್ಪಿಗೆ!" ಅಂದ್ರು.

"ಚೆಲುವಾ!" ದೇವೀರಮ್ಮನಿಗೆ ಖುಷಿಗೆ ಅಳು. "ಕೇಳಿದ್ಯೇನೋ? ಓಡು, ಬರಿ! ನಿಮ್ಮ ಮಾವ ಹೇಳಿದ್ದು ಬೋರ್ಡಿನ ಮೇಲೆ ಬರಿ!"

ಚೆಲುವಯ್ಯ ಸೀಮೆಸುಣ್ಣ ಎತ್ತಿದ. ನಿಂತ. ತಲೆ ಕೆರ್ಕೊಂಡ.

"ಇಲ್ಲ ಕಣವ್ವ," ಅಂದ. "ಅವರಿನ್ನೂ ಗೇಟು ದಾಟಿಲ್ಲ."

ಅಂದವನೇ ಬಗ್ಗಿದ. ಕುರ್ಚಿ ಸಮೇತ ಮಾವನನ್ನ ಎತ್ತಿ ಹೆಗಲಿಗೆ ಹಾಕ್ಕೊಂಡ. "ಏ ಏ ಏ! ಇಳಿಸೋ!" ಅಂತ ಬೋರಲಿಂಗಯ್ಯ ಕೂಗ್ತಿದ್ರೆ ಗೇಟು ದಾಟಿಸಿ, ನಟ್ಟ ನಡು ರಸ್ತೇಲಿ ಕುರ್ಚಿ ಇಟ್ಟು, ಗೇಟು ಹಾಕಿ, ಬೋರ್ಡಿನ ಮುಂದೆ ನಿಂತ. ಆ ಕಡೆಯಿಂದ ಆಟೋ, ಈ ಕಡೆಯಿಂದ ಸಿಟಿ ಬಸ್ಸು, ಪೋಂ ಪೋಂ! ಮಧ್ಯೆ ಬೋರಲಿಂಗಯ್ಯ, ಕೈಯಲ್ಲಿ ಒಣ ಮುದ್ದೆ ತುತ್ತು.

ಗೇಟಿನ ಒಳಗೆ ದೇವೀರಮ್ಮ ಹಣೆ ಹಣೆ ಚಚ್ಕೊಂಡಳು. ಮುಗೀತು! ಬಂದ ಸಂಬಂಧ ರಸ್ತೆ ಪಾಲಾಯ್ತು!

"ಈಗ ಹೇಳಿ!" ಅಂದ ಚೆಲುವಯ್ಯ.

ಬೋರಲಿಂಗಯ್ಯ ಇವನನ್ನ ನೋಡಿದ್ರು, ತುತ್ತು ನೋಡಿದ್ರು, ಬಾಯಿ ತುಂಬ ಬಯ್ಯೋಕೆ ಹೊರಟ್ರು. ಆದ್ರೆ ಹಸಿದ ಹೊಟ್ಟೆ ಮರ್ಯಾದೇನೂ ನೋಡಲ್ಲ, ಸುಳ್ಳೂ ಹೇಳಲ್ಲ.

"ಅಳಿಯಂದ್ರೇ!" ಅಂತ ಗಂಟಲು ಹರಿಯೋ ಹಾಗೆ ಕೂಗಿದ್ರು. "ಮೊದ್ಲು ಸಾರು ತನ್ನಿ!"

ಅಳಿಯಂದ್ರೇ ಅಂದ್ರು! ಬೀದಿಗೆ ಬೀದಿಯೇ ಕೇಳ್ತು. ದೇವೀರಮ್ಮ ಅತ್ತಳು, ಮಾದೇವಿ ನಕ್ಕಳು, ಬಸ್ ಡ್ರೈವರೂ ಹಾರನ್ ನಿಲ್ಲಿಸಿದ. ಚೆಲುವಯ್ಯ ಬೋರ್ಡಿನ ಕಡೆ ತಿರುಗಿ, ಮುತ್ತಿನಂಥ ಅಕ್ಷರದಲ್ಲಿ, ಕೊಂಬು ದೀರ್ಘ ಒಂದೂ ತಪ್ಪದೆ ಬರೆದ: "ಅಳಿಯಂದ್ರೇ, ಮೊದ್ಲು ಸಾರು ತನ್ನಿ."

ಬರೆದು, ಕೈ ಕೊಡವಿ, ಕೈ ಕಟ್ಟಿ ನಿಂತ.

ಸಾರಾ? ಸಾರು ಎಲ್ಲಿಂದ ಬರಬೇಕು? ಅವ್ವ ಹೇಳಿದ್ದು ಬರೆಯೋಕೆ ತಾನೇ!