ಕಣ್ಣು ತೆರೆಯದ ಬಾತು

ಕೆರೆ ದೊಡ್ಡದು, ಊರು ಅದಕ್ಕಿಂತ ಚಿಕ್ಕದು. ಅಂಥ ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದನಂತೆ. ಅವನ ರಾಣಿ ಹೊನ್ನಾಜಮ್ಮ. ಚಳಿ ಕಾಲಿಟ್ಟರೆ ಉತ್ತರದಿಂದ ನೀರಹಕ್ಕಿಗಳು ಕೆರೆಗೆ ಇಳಿಯುತ್ತಿದ್ದವು. ರಾಜ ಬೇಟೆಗೆ ಇಳಿಯುತ್ತಿದ್ದ. ರಾಣಿಯ ತವರು ಇದ್ದದ್ದೂ ಉತ್ತರಕ್ಕೇ. ಹಕ್ಕಿಗಳ ಕೂಗು ಕೇಳಿದರೆ ಅವಳಿಗೆ ತವರು ನೆನಪಾಗಿ ಊಟ ಸೇರುತ್ತಿರಲಿಲ್ಲವಂತೆ.

“ಅವ್ವನನ್ನು ನೋಡಿ ಬರುತ್ತೇನೆ, ಕಳಿಸಿಕೊಡಿ.”

“ಬೇಟೆ ಮುಗಿಯಲಿ, ಕಳಿಸುತ್ತೇನೆ.”

ಈ ಚಳಿಗೂ ಅದೇ ಮಾತು, ಮರುಚಳಿಗೂ ಅದೇ ಮಾತು. ರಾಜನ ಬೇಟೆ ಮುಗಿಯಲೇ ಇಲ್ಲ.

ಒಮ್ಮೆ ರಾಜ ತನ್ನ ಬೇಟೆಯನ್ನು ಅರಮನೆಯ ಗೋಡೆಯ ಮೇಲೆ ಬರೆಸಿದ. ಮುದುಕ ಚಿತ್ರಗಾರ ನರಸಾಜಿ ದೋಣಿ ಬರೆದ, ದೋಣಿಯಲ್ಲಿ ಕೋವಿ ಹಿಡಿದ ರಾಜನನ್ನು ಬರೆದ, ಬಿದ್ದ ಹಕ್ಕಿ, ಬೀಳುವ ಹಕ್ಕಿ ಎಲ್ಲವನ್ನೂ ಬರೆದ. ಕಣ್ಣು ಬರೆಯುವುದು ಕೊನೆಗೆ. ಅದು ಚಿತ್ರಗಾರರ ಪದ್ಧತಿ. ಒಂದು ಬಿಳಿಯ ಬಾತಿನ ಕಣ್ಣು ಮಾತ್ರ ಉಳಿದಾಗ ರಾಜ, “ಸಾಕು, ಕುಂಚ ಕೆಳಗಿಡು” ಎಂದ.

“ಕಣ್ಣು ತೆರೆಸದೆ ಚಿತ್ರ ಮುಗಿಯುವುದಿಲ್ಲ, ಬುದ್ಧಿ.”

“ಮುಗಿಯದಿರಲಿ.”

“ಓಹೋ! ಇನ್ನು ಗೋಡೆಯ ಮೇಲೂ ಬೇಟೆ ಮುಗಿಯುವುದಿಲ್ಲವೋ?” ಎಂದಳು ಅಲ್ಲೇ ನಿಂತಿದ್ದ ರಾಣಿ. ರಾಜ ತಲೆ ತಗ್ಗಿಸಿ ಹೊರಟುಹೋದ.

ಅಂದಿನಿಂದ ಹೊನ್ನಾಜಮ್ಮ ದಿನವೂ ಆ ಕುರುಡು ಬಾತಿನ ಮುಂದೆ ಕುಳಿತಳು. ಅದರ ಕೊರಳು ಉತ್ತರಕ್ಕೆ ಚಾಚಿತ್ತು. “ನಿನಗೂ ದಾರಿ ಕಾಣಿಸುತ್ತಿಲ್ಲವೇನೇ ತಾಯಿ?” ಎಂದು ಒಂದು ಬೆಳಿಗ್ಗೆ ತನ್ನ ಕಣ್ಣಿನ ಕಾಡಿಗೆಯನ್ನು ಬೆರಳ ತುದಿಗೆ ತೆಗೆದು ಅದಕ್ಕೊಂದು ಕಣ್ಣಿಟ್ಟಳಂತೆ.

ಬಾತು ರೆಪ್ಪೆ ಬಡಿಯಿತು, ರೆಕ್ಕೆ ಬಡಿಯಿತು, ಕಿಟಕಿ ದಾಟಿ ಹಾರಿತು. ಗೋಡೆಯಲ್ಲಿ ಅದರ ಆಕಾರದಷ್ಟು ಬರಿಯ ಸುಣ್ಣ ಉಳಿಯಿತು.

ರಾಜ ಓಡಿಬಂದ. “ಎಲ್ಲಿ ಬಾತು?”

“ತವರಿಗೆ ಹೋಯಿತು. ಚಿತ್ರ ಮುಗಿಯಿತು, ಬೇಟೆಯೂ ಮುಗಿಯಿತು.”

ರಾಜ ಆ ಬರಿಯ ಸುಣ್ಣವನ್ನೇ ನೋಡಿದ. “ನೀನೂ ಹೀಗೇ ಹೋಗಿಬಿಟ್ಟರೆ ಎಂದು ತಾನೆ ಹೊನ್ನಾ, ನಾನು ಬೇಟೆ ಮುಗಿಸಲಿಲ್ಲ.”

“ಅದನ್ನು ಬಾಯಿ ಬಿಟ್ಟು ಮೊದಲೇ ಹೇಳಿದ್ದರೆ ಎಷ್ಟು ಹಕ್ಕಿ ಉಳಿಯುತ್ತಿದ್ದವು! ಈ ಜಾಗಕ್ಕೆ ಬಣ್ಣ ತುಂಬಿಸಬೇಡಿ.”

ಪಲ್ಲಕ್ಕಿ ಹೊರಟಿತು. ತವರಿನಲ್ಲಿ ಅವ್ವ ನೆತ್ತಿಗೆ ಎಣ್ಣೆ ಒತ್ತಿದಳು. ಮಗಳು ಹೊಟ್ಟೆ ತುಂಬ ಉಂಡಳು. ಆದರೆ ಬರಬರುತ್ತ, ಕಣ್ಣು ಮುಚ್ಚಿದರೆ ಸಾಕು, ಆ ಬರಿಯ ಸುಣ್ಣದ ಜಾಗವೇ ಕಾಣತೊಡಗಿತಂತೆ. ಮತ್ತೆ ಚಳಿ ಕಾಲಿಟ್ಟ ದಿನ ತವರಿನ ಕೆರೆಯಿಂದ ಬಿಳಿಯ ಬಾತೊಂದು ದಕ್ಷಿಣಕ್ಕೆ ಕೊರಳು ಚಾಚಿ ಎದ್ದಿತು.

“ಅವ್ವಾ, ಪಲ್ಲಕ್ಕಿ ತರಿಸು” ಎಂದಳು ಹೊನ್ನಾಜಮ್ಮ.

ಅವಳು ಬಂದಾಗ ರಾಜ ಗೋಡೆಯ ಮುಂದೆ ಕುಳಿತಿದ್ದ. ಮೂಲೆಯ ಕೋವಿಗೆ ತುಕ್ಕು ಹಿಡಿದಿತ್ತು. ಬಾತು ತನ್ನ ಜಾಗದಲ್ಲಿ ರೆಕ್ಕೆ ಮಡಚಿ ಕುಳಿತಿತ್ತು. ಅದರ ಕಾಲಿನಿಂದ ಗೋಡೆಯ ಮೇಲೆ ಇನ್ನೂ ನೀರು ಇಳಿಯುತ್ತಿತ್ತಂತೆ.

ಅವರ ಹಕ್ಕಿ ಗೋಡೆ ಸೇರಿತು, ನಮ್ಮ ಕತೆ ಗೂಡು ಸೇರಿತು.